ಪುಟಾಣಿಗಳಿಗೆ ಬೈಬಲ್ ಕಥೆ: ಹಾಡು ಯಾವಾಗ, ಕೈಕೆಲಸ ಯಾವಾಗ, ಎಲ್ಲಿ ಎಡವುತ್ತೇವೆ

ಸಂಡೇ ಸ್ಕೂಲ್ ಮುಗಿಸಿ ಬಂದ ನಾಲ್ಕು ವರ್ಷದ ಮಗುವನ್ನು ‘ಇವತ್ತು ಟೀಚರ್ ಏನು ಕಥೆ ಹೇಳಿದ್ರು?’ ಎಂದು ಕೇಳಿ ನೋಡಿ. ‘ಮೀನು’ ಅನ್ನುತ್ತದೆ. ಯಾವ ಮೀನು? ಯೋನನನ್ನು ನುಂಗಿದ್ದಾ, ಪೇತ್ರನ ಬಲೆಗೆ ಬಿದ್ದದ್ದಾ, ಐದು ರೊಟ್ಟಿಯ ಜೊತೆ ಇದ್ದದ್ದಾ? ಮಗುವಿಗೆ ಗೊತ್ತಿಲ್ಲ. ಕೈಯಲ್ಲಿ ಮಾತ್ರ ಚೆಂದದ ನೀಲಿ ಕಾಗದದ ಮೀನಿದೆ.

ಟೀಚರುಗಳು ಮತ್ತೆ ಮತ್ತೆ ಹೇಳುವುದು ಇದನ್ನೇ. ಹಾಡು ಹಾಡಿಸಿದ್ದೇವೆ, ಬಣ್ಣ ಹಚ್ಚಿಸಿದ್ದೇವೆ, ಮಕ್ಕಳು ಕುಣಿದಿದ್ದಾರೆ, ಕಥೆ ಮಾತ್ರ ಉಳಿದಿಲ್ಲ. ನೋಡಿದರೆ ಹಾಡಿಗೂ ಕಥೆಗೂ ಸಂಬಂಧವೇ ಇರುವುದಿಲ್ಲ. ಕೈಕೆಲಸ ಹೊತ್ತು ಕಳೆಯಲು ಕೊಟ್ಟದ್ದಾಗಿರುತ್ತದೆ. ಮೂರನ್ನೂ ಒಂದೇ ವಾಕ್ಯಕ್ಕೆ ಕಟ್ಟಿಹಾಕಿ, ಸರಿಯಾದ ಸರದಿಯಲ್ಲಿ ನಡೆಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಆ ಸರದಿ ಹೇಗೆ ಎಂಬುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಇದು 3ರಿಂದ 6 ವರ್ಷದ ಮಕ್ಕಳಿಗೆ. ತರಗತಿ 45 ನಿಮಿಷದ್ದು, ಮಕ್ಕಳು ಹತ್ತು–ಹನ್ನೆರಡು ಮಂದಿ, ದೊಡ್ಡವರು ಇಬ್ಬರು ಎಂದುಕೊಳ್ಳೋಣ. ಬೇಸಿಗೆ ರಜೆಯ ವಿ.ಬಿ.ಎಸ್.ಗೂ (ವೆಕೇಶನ್ ಬೈಬಲ್ ಸ್ಕೂಲ್) ಇದೇ ಕ್ರಮ ಸಾಕು. ಉದಾಹರಣೆಗೆ ಒಂದೇ ಕಥೆ ಹಿಡಿದುಕೊಂಡಿದ್ದೇನೆ: ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಬರುವ ಐದು ರೊಟ್ಟಿ, ಎರಡು ಮೀನಿನ ಕಥೆ. ಒಬ್ಬ ಹುಡುಗನ ಆ ಬುತ್ತಿಯನ್ನು ಯೇಸು ಐದು ಸಾವಿರ ಮಂದಿಗೆ ಹಂಚುತ್ತಾರೆ, ಎಲ್ಲರೂ ಉಂಡ ಮೇಲೂ ಹನ್ನೆರಡು ಬುಟ್ಟಿ ಮಿಗುತ್ತದೆ.

ಮೊದಲು ಸಾಮಾನು ಜೋಡಿಸಿಕೊಳ್ಳಿ

ಅಂಗಡಿಗೆ ಹೋಗಿ ದುಡ್ಡು ಸುರಿಯಬೇಕಿಲ್ಲ. ಹಳೆಯ ಲಗ್ನಪತ್ರಿಕೆಗಳು, ಕ್ಯಾಲೆಂಡರಿನ ಹಿಂಬದಿ, ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದ, ರಟ್ಟಿನ ಡಬ್ಬ, ಐಸ್‌ಕ್ರೀಂ ಕಡ್ಡಿ, ಹತ್ತಿ. ಇಷ್ಟಿದ್ದರೆ ವರ್ಷದ ಹೆಚ್ಚಿನ ಪಾಠ ಮುಗಿಯುತ್ತದೆ. ಕೊಳ್ಳಬೇಕಾದದ್ದು ದಪ್ಪ ಕ್ರೇಯಾನ್, ಅಂಟಿನ ಕಡ್ಡಿ ಮತ್ತು ಮೊಂಡು ತುದಿಯ ಕತ್ತರಿ. ತೆಳು ಕ್ರೇಯಾನ್ ಈ ವಯಸ್ಸಿನವರ ಕೈಯಲ್ಲಿ ಪಟಪಟ ಮುರಿಯುತ್ತದೆ. ಮುರಿದ ಮೇಲೆ ಅಳು, ಅಳುವಿನ ಹಿಂದೆ ಜಗಳ.

ಎರಡು ಒದ್ದೆ ಬಟ್ಟೆ ಮತ್ತು ಹಾಸಲು ಹಳೆ ಪೇಪರ್ ಇಟ್ಟುಕೊಳ್ಳಿ. ಇದನ್ನು ಮರೆತವರು ಕೊನೆಯ ಹತ್ತು ನಿಮಿಷ ಮಕ್ಕಳನ್ನು ನಲ್ಲಿಯ ಹತ್ತಿರ ಸಾಲು ನಿಲ್ಲಿಸುವುದರಲ್ಲೇ ಕಳೆಯುತ್ತಾರೆ.

ಕೆಲವನ್ನು ತರಗತಿಗೆ ತರಲೇಬೇಡಿ. ಮಣಿ, ಗುಂಡಿ, ಹುಣಸೆ ಬೀಜ, ಕಡಲೆಕಾಳು ಮೂಗಿಗೋ ಗಂಟಲಿಗೋ ಹೋಗುತ್ತವೆ. ಗುಲಗಂಜಿ ನೋಡಲು ಚೆಂದ, ಕಣ್ಣು ಮಾಡಲು ಹೇಳಿ ಮಾಡಿಸಿದ ಹಾಗಿದೆ. ಆದರೆ ಅಗಿದರೆ ಆ ಬೀಜ ಕಡು ವಿಷ. ಒಡೆದ ಬಲೂನಿನ ಚೂರು ಉಸಿರು ಕಟ್ಟಿಸುತ್ತದೆ. ಜಗಮಗಿಸುವ ಗ್ಲಿಟರ್ ಪುಡಿ ಕೈಯಿಂದ ಕಣ್ಣಿಗೆ ಹೋಗುತ್ತದೆ. ಸ್ಟೇಪ್ಲರ್, ಗುಂಡುಸೂಜಿ, ಬಿಸಿ ಅಂಟಿನ ಗನ್ ಇವನ್ನು ಬಳಸುವುದಾದರೆ ಹಿಂದಿನ ದಿನ ಮನೆಯಲ್ಲೇ ಬಳಸಿ ಮುಗಿಸಿ.

ಹಂತ 1: ಕಥೆಯನ್ನು ಒಂದು ವಾಕ್ಯಕ್ಕೆ ಇಳಿಸಿ

ಪೆನ್ನು ಹಿಡಿದು ಒಂದೇ ಒಂದು ವಾಕ್ಯ ಬರೆಯಿರಿ. ನಾಲ್ಕು ವರ್ಷದ ಮಗು ಉಸಿರು ತೆಗೆದುಕೊಳ್ಳದೆ ಹೇಳುವಷ್ಟು ಚಿಕ್ಕದಿರಲಿ. ನಮ್ಮ ಕಥೆಗೆ ಇದು: ‘ಒಬ್ಬ ಹುಡುಗನ ಬುತ್ತಿಯಿಂದ ಯೇಸು ಸ್ವಾಮಿ ಎಲ್ಲರಿಗೂ ಊಟ ಕೊಟ್ಟರು.’

ಈ ವಾಕ್ಯದಲ್ಲಿ ಏನಿಲ್ಲ ನೋಡಿ. ಶಿಷ್ಯರಾದ ಫಿಲಿಪ್ಪ, ಅಂದ್ರೆಯ ಇಲ್ಲ, ಇನ್ನೂರು ಹಣದ ರೊಟ್ಟಿಯೂ ಸಾಲದು ಎಂಬ ಲೆಕ್ಕ ಇಲ್ಲ. ಅವೆಲ್ಲ ಎಂಟು ವರ್ಷದವರಿಗೆ ಇರಲಿ. ಪುಟಾಣಿಗಳ ತರಗತಿಯಲ್ಲಿ ಹೆಸರು ಜಾಸ್ತಿ ಆದಷ್ಟೂ ಕಥೆ ಕಡಿಮೆ ಉಳಿಯುತ್ತದೆ.

ಹೆಚ್ಚಿನವರು ತಪ್ಪುವುದು ವಾಕ್ಯದ ಜಾಗದಲ್ಲಿ ಬುದ್ಧಿಮಾತು ಬರೆದು. ‘ನಾವು ಹಂಚಿಕೊಂಡು ತಿನ್ನಬೇಕು’ ಎಂಬುದು ಕಥೆಯ ಸಾರ ಅಲ್ಲ, ನಾವು ಅದಕ್ಕೆ ಅಂಟಿಸಿದ ಬಾಲ. ಅದನ್ನೇ ಹಿಡಿದುಕೊಂಡು ಹೊರಟರೆ ನೋಹ, ದಾವೀದ, ಜಕ್ಕಾಯ ಎಲ್ಲರೂ ‘ಒಳ್ಳೆ ಮಗು ಆಗಿರಿ’ ಎಂಬ ಒಂದೇ ಪಾಠವಾಗಿಬಿಡುತ್ತಾರೆ. ಮಕ್ಕಳು ಬೇಗ ಕಂಡುಹಿಡಿಯುತ್ತಾರೆ, ‘ಓ, ಮತ್ತೆ ಅದೇ’ ಅಂತ. ಯಾರು, ಏನು ಮಾಡಿದರು, ಏನಾಯಿತು, ಅಷ್ಟು ಮಾತ್ರ ವಾಕ್ಯದಲ್ಲಿರಲಿ.

ಹಂತ 2: ಬೈಬಲ್ ತೆರೆದು ಓದಿ, ನೆನಪಿನಿಂದ ಹೇಳಬೇಡಿ

ಈ ಕಥೆಗಳನ್ನು ನಾವೇ ಚಿಕ್ಕಂದಿನಲ್ಲಿ ಕೇಳಿದ್ದೇವೆ, ಅದಕ್ಕೇ ಓದದೆ ಹೇಳಿಬಿಡುತ್ತೇವೆ. ಆಮೇಲೆ ಕೈಕೆಲಸದಲ್ಲಿ ತಪ್ಪು ಅಂಟಿಕೊಳ್ಳುತ್ತದೆ. ಅಂಟಿಸಿದ ಮೇಲೆ ಮಗುವಿನ ತಲೆಯಿಂದ ಅದನ್ನು ಕಿತ್ತು ತೆಗೆಯುವುದು ಕಷ್ಟ.

ಸೃಷ್ಟಿಯ ಕಥೆಯಲ್ಲಿ ಮೊದಲನೇ ದಿನದ ಚೌಕದಲ್ಲಿ ಸೂರ್ಯನನ್ನು ಅಂಟಿಸುವವರು ಬಹಳ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಪ್ರಕಾರ ಮೊದಲ ದಿನ ಬೆಳಕು, ಸೂರ್ಯ ಚಂದ್ರ ನಾಲ್ಕನೇ ದಿನ. ಮಗು ಯೇಸುವನ್ನು ನೋಡಲು ಬಂದ ಮೂಡಣ ದೇಶದ ಜೋಯಿಸರು ಮೂವರು ಎಂದು ಮತ್ತಾಯ ತನ್ನ ಸುವಾರ್ತೆಯಲ್ಲಿ ಎಲ್ಲೂ ಹೇಳಿಲ್ಲ. ಕಾಣಿಕೆ ಮಾತ್ರ ಮೂರು: ಚಿನ್ನ, ಧೂಪ, ರಕ್ತಬೋಳ. ಅವರು ಬಂದದ್ದು ‘ಮನೆ’ಗೆ ಎಂದಿದೆ. ಪ್ರಳಯದ ಕಥೆಯಲ್ಲಿ ನೋಹ ತನ್ನ ನಾವೆಯಿಂದ ಮೊದಲು ಹಾರಿಬಿಟ್ಟದ್ದು ಕಾಗೆಯನ್ನು, ಆಮೇಲೆ ಪಾರಿವಾಳವನ್ನು. ನಮ್ಮ ಮಕ್ಕಳಿಗೆ ಪಾರಿವಾಳಕ್ಕಿಂತ ಕಾಗೆಯೇ ಹತ್ತಿರ ಅಲ್ವಾ? ಆದರೂ ಹೆಚ್ಚಿನ ಚಿತ್ರಗಳಲ್ಲಿ ಪಾಪದ ಕಾಗೆ ಕಾಣೆಯಾಗಿರುತ್ತದೆ. ಯೋನನನ್ನು ನುಂಗಿದ್ದು ‘ದೊಡ್ಡ ಮೀನು’ ಅಷ್ಟೇ. ತಿಮಿಂಗಿಲ ಎಂದು ಸೇರಿಸಿದ್ದು ನಾವು.

ಓದುವಾಗ ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ವಿವರ ಹುಡುಕಿ. ಯೋಹಾನ 6:10ರಲ್ಲಿ ಆ ಜಾಗದಲ್ಲಿ ಬಹಳ ಹುಲ್ಲಿತ್ತು ಎಂಬ ಮಾತಿದೆ. ನಿಮಗೆ ಬೇಕಾದದ್ದು ಇದೇ. ಹಸಿರು ಬೆಡ್‌ಶೀಟ್ ಹಾಸಿ ಮಕ್ಕಳನ್ನು ಅದರ ಮೇಲೆ ಕೂರಿಸಿದರೆ, ಅವರೇ ಆ ಜನಜಂಗುಳಿ. ರೊಟ್ಟಿ ಜವೆಗೋದಿಯದ್ದು ಎಂದೂ ಅಲ್ಲೇ ಇದೆ. ಮತ್ತೊಂದು, ಐದು ಸಾವಿರ ಎಂಬುದು ಗಂಡಸರ ಲೆಕ್ಕ ಮಾತ್ರ. ಈ ಕಥೆ ಯೇಸುವಿನ ಜೀವನ ಹೇಳುವ ನಾಲ್ಕೂ ಸುವಾರ್ತೆಗಳಲ್ಲಿ ಬರುತ್ತದೆ, ಆದರೆ ಹುಡುಗ ಕಾಣಿಸಿಕೊಳ್ಳುವುದು ಯೋಹಾನನಲ್ಲಿ ಮಾತ್ರ. ಆದ್ದರಿಂದ ಪುಟಾಣಿಗಳಿಗೆ ಅಲ್ಲಿಂದಲೇ ಹೇಳಿ.

ಯಾವ ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ದಾವೀದನ ಕವಣೆಕಲ್ಲಿಗೆ ದೈತ್ಯ ಗೊಲ್ಯಾತ ಕೆಳಗೆ ಬಿದ್ದ ಅನ್ನುವಲ್ಲಿಗೆ ಸಾಕು, ತಲೆ ಕತ್ತರಿಸಿದ್ದು ಈ ವಯಸ್ಸಿಗೆ ಬೇಡ. ಅಬ್ರಹಾಮ ಮಗನನ್ನು ಬಲಿಕೊಡಲು ಹೊರಟ ಕಥೆಯನ್ನು 3–6ರವರಿಗೆ ಹೇಳಲೇಬೇಡಿ ಅನ್ನುತ್ತೇನೆ ನಾನು. ಅದನ್ನು ಕೇಳಿದ ಮಗು ಅಪ್ಪನ ಕೈಯನ್ನೇ ನೋಡುತ್ತದೆ.

ಹಂತ 3: ಕೈಕೆಲಸವನ್ನು ಮೊದಲು ಯೋಚಿಸಿ, ಕೊನೆಗೆ ಮಾಡಿಸಿ

ಸೋಲು ಜಾಸ್ತಿ ಆಗುವುದು ಇಲ್ಲೇ, ಸ್ವಲ್ಪ ನಿಧಾನಿಸೋಣ.

ಕೈಕೆಲಸಕ್ಕೆ ಒಂದೇ ಪರೀಕ್ಷೆ: ಇದನ್ನು ಕೈಯಲ್ಲಿ ಹಿಡಿದುಕೊಂಡು ಮಗು ಮನೆಯಲ್ಲಿ ಅಜ್ಜಿಗೆ ಕಥೆ ಹೇಳಬಹುದಾ? ಎಲ್ಲ ಕಡೆ ಮಾಡಿಸುವ ಹತ್ತಿ ಅಂಟಿಸಿದ ಕುರಿ ಈ ಪರೀಕ್ಷೆಯಲ್ಲಿ ಫೇಲ್. ಅದೊಂದು ಕುರಿ, ಅಷ್ಟೇ. ಅದು ತಪ್ಪಿಸಿಕೊಂಡಿಲ್ಲ, ಯಾರೂ ಅದನ್ನು ಹುಡುಕಲಿಲ್ಲ. ಅದೇ ಕುರಿಯ ಮುಂದೆ ಹಸಿರು ಕಾಗದದ ಒಂದು ಪೊದೆ ಅಂಟಿಸಿ. ಪೊದೆಯ ಕೆಳಗಿನ ಅಂಚಿಗೆ ಮಾತ್ರ ಅಂಟಿರಲಿ, ಮೇಲಿಂದ ಮಡಚಿ ತೆರೆಯುವಂತಿರಲಿ. ಈಗ ಕುರಿ ಅಡಗಿದೆ. ‘ಎಲ್ಲಿದೆ? ಎಲ್ಲಿದೆ?’ ಎಂದು ಮಗು ಪೊದೆ ತೆರೆದರೆ ಲೂಕ 15ರ ಕಳೆದುಹೋದ ಕುರಿಯ ಕಥೆ ಅದರ ಕೈಯಲ್ಲೇ ನಡೆದುಹೋಗುತ್ತದೆ. ಏನಾದರೂ ತೆರೆಯಬೇಕು, ಅಡಗಬೇಕು, ಹತ್ತಬೇಕು, ಇಳಿಯಬೇಕು. ಅಲುಗಾಡದ ಕೈಕೆಲಸ ಗೋಡೆಗೆ ಅಂಟಿಸಲು ಸರಿ.

ಐದು ರೊಟ್ಟಿಯ ಕಥೆಗೆ ಬುತ್ತಿಯ ಚೀಲ ಮಾಡೋಣ.

1. ಲಗ್ನಪತ್ರಿಕೆಯ ದಪ್ಪ ಕಾರ್ಡನ್ನು ಮುದ್ರಣ ಇಲ್ಲದ ಬದಿ ಹೊರಗೆ ಬರುವಂತೆ ಮಡಚಿ. ಎರಡು ಪಕ್ಕಕ್ಕೆ ಮಾತ್ರ ಅಂಟು ಹಚ್ಚಿ. ಮೇಲ್ಗಡೆ ತೆರೆದಿರಬೇಕು. ಇದೇ ಚೀಲ.

2. ಕಂದು ಕಾಗದದ ಮೇಲೆ ಬಾಟಲಿ ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದು ಐದು ರೊಟ್ಟಿ ಕತ್ತರಿಸಿ.

3. ಎರಡು ಮೀನು ಕತ್ತರಿಸಿ. ರೆಕ್ಕೆ, ಬಾಲದ ವಿವರ ಬೇಡ. ಎಲೆಯಂಥ ಆಕಾರ, ಹಿಂದೆ ಒಂದು ತ್ರಿಕೋನ ಸಾಕು.

4. ಚೀಲದ ಹಿಂಬದಿ ಖಾಲಿ ಬಿಡಿ. ಅಲ್ಲಿ ಮಗು ನೀರುಬಣ್ಣದಲ್ಲಿ ಹೆಬ್ಬೆರಳು ಅದ್ದಿ ಹನ್ನೆರಡು ಸಲ ಒತ್ತಬೇಕು. ಒಂದೊಂದು ಗುರುತಿನ ಮೇಲೂ ಕ್ರೇಯಾನಿನಲ್ಲಿ ಅರ್ಧ ಬಳೆಯಂಥ ಗೆರೆ ಎಳೆದರೆ ಅದು ಹಿಡಿ ಇರುವ ಬುಟ್ಟಿ.

ಈಗ ಕಥೆ ಹೇಳಿ ನೋಡಿ. ಚೀಲದಿಂದ ಐದು ರೊಟ್ಟಿ, ಎರಡು ಮೀನು ಹೊರಗೆ ಬರುತ್ತವೆ. ಎಲ್ಲರಿಗೂ ಕೊಟ್ಟದ್ದಾಯಿತು. ಚೀಲ ತಿರುಗಿಸಿದರೆ, ಅರೆ, ಹನ್ನೆರಡು ಬುಟ್ಟಿ! ಆ ತಿರುಗಿಸುವ ಕ್ಷಣಕ್ಕಾಗಿಯೇ ಇಷ್ಟೆಲ್ಲ. ಮೂರು ವರ್ಷದವರಿಗೆ ಹನ್ನೆರಡು ಎಣಿಸಲು ಬರುವುದಿಲ್ಲ. ಅವರು ಹಿಂಬದಿಯ ತುಂಬ ಒತ್ತಲಿ, ‘ತುಂಬಾ ಬುಟ್ಟಿ’ ಅಂದರೆ ಸಾಕು.

ಮಾದರಿಯನ್ನು ಒಮ್ಮೆ ನೀವೇ ಮಾಡಿ ನೋಡಿ, ಅದೂ ಎಡಗೈಯಲ್ಲಿ. ಎಡಚರಾದರೆ ಬಲಗೈಯಲ್ಲಿ. ಪುಟ್ಟ ಕೈಗೆ ಎಲ್ಲಿ ಕಷ್ಟ ಎಂದು ಆಗ ಗೊತ್ತಾಗುತ್ತದೆ. ಎಲ್ಲಿ ನಿಮಗೆ ಸಿಟ್ಟು ಬಂತೋ ಆ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಬನ್ನಿ. ಸಾಮಾನ್ಯವಾಗಿ 3–4ರವರಿಗೆ ಕತ್ತರಿಸಿಟ್ಟದ್ದೇ ಕೊಡಬೇಕು. 5–6ರವರು ನೇರ ಗೆರೆಯ ಮೇಲೆ ಕತ್ತರಿಸುತ್ತಾರೆ, ಗುಂಡಗಿನದ್ದು ಅವರಿಗೂ ತ್ರಾಸ.

ಒಬ್ಬೊಬ್ಬರ ಸಾಮಾನನ್ನು ಒಂದೊಂದು ಹಳೆ ಕವರಿನಲ್ಲಿ ಹಾಕಿ ಹೆಸರು ಬರೆದಿಡಿ. ಇನ್ನೂ ಮೂರು ಕವರ್ ಜಾಸ್ತಿ ಮಾಡಿಟ್ಟುಕೊಳ್ಳಿ. ತಮ್ಮ, ತಂಗಿ, ಊರಿಂದ ಬಂದ ನೆಂಟರ ಮಗು ಯಾರಾದರೂ ಬಂದೇ ಬರುತ್ತಾರೆ.

ಹಂತ 4: ಹಾಡನ್ನು ಆ ವಾಕ್ಯದಿಂದಲೇ ಹುಟ್ಟಿಸಿ

ಸಿದ್ಧ ಹಾಡು ಹುಡುಕುವ ಮೊದಲು ನಾಲ್ಕು ಸಾಲು ನೀವೇ ಕಟ್ಟಿ ನೋಡಿ. ಕವಿ ಆಗಬೇಕಿಲ್ಲ. ‘ತಕಿಟ ತಕಿಟ’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ, ಆ ಓಟಕ್ಕೆ ಸರಿಯಾಗಿ ಮಾತು ಕೂರಿಸಿ. ಹೀಗೆ:

ಐದು ರೊಟ್ಟಿ, ಎರಡು ಮೀನು
ಹುಡುಗ ತಂದ ಬುತ್ತಿ
ಯೇಸು ಕೊಟ್ಟ, ಉಂಡು ಮಿಕ್ತು
ಹನ್ನೆರಡೂ ಬುಟ್ಟಿ!

ಕೊನೆಯ ಸಾಲಿನಲ್ಲಿ ‘ಡೂ’ ಎಂದು ಸ್ವಲ್ಪ ಎಳೆದರೆ ತಾಳ ಕೂಡಿಕೊಳ್ಳುತ್ತದೆ. ಇಡೀ ಕಥೆ ನಾಲ್ಕೇ ಸಾಲಿನಲ್ಲಿದೆ. ಬುತ್ತಿಗೆ ಬುಟ್ಟಿ ಪ್ರಾಸ ಇರುವುದರಿಂದ ಮಗು ಮರೆತರೂ ಪ್ರಾಸವೇ ನೆನಪಿಸುತ್ತದೆ.

ರಾಗಕ್ಕೆ ಸ ರಿ ಗ ಪ ದ ಈ ಐದು ಸ್ವರ ಸಾಕು. ಮೋಹನ ರಾಗದ್ದು ಇವೇ ಸ್ವರಗಳು, ಹೇಗೆ ಹಾಡಿದರೂ ಕಿವಿಗೆ ಹಿತ. ಶ್ರುತಿಯ ಬಗ್ಗೆ ಮಾತ್ರ ಹುಷಾರಾಗಿರಿ. ಗಂಡಸರು ತಮ್ಮ ಶ್ರುತಿಯಲ್ಲಿ ಶುರು ಮಾಡಿದರೆ ಮಕ್ಕಳು ಹಾಡುವುದಿಲ್ಲ, ಗೊಣಗುತ್ತಾರೆ. ಕೀಬೋರ್ಡ್ ಇದ್ದರೆ ನಡುವಿನ ಸಿ ಪಕ್ಕದ ಡಿಯಿಂದ ಮೇಲಿನ ಎ ತನಕದ ಜಾಗದಲ್ಲಿ ಹಾಡು ಮುಗಿಯಲಿ. ಪುಟ್ಟ ಗಂಟಲಿಗೆ ಅದು ಸುಲಭ.

ಕಲಿಸುವ ಕ್ರಮ ಹೀಗಿರಲಿ. ಮೊದಲು ರಾಗ ಬೇಡ, ಚಪ್ಪಾಳೆಯ ಜೊತೆ ಮಾತು ಮಾತ್ರ. ನೀವೊಂದು ಸಾಲು, ಅವರೊಂದು ಸಾಲು. ಎರಡನೇ ಸುತ್ತಿನಲ್ಲಿ ರಾಗ ಬರಲಿ. ಮೂರನೆಯದರಲ್ಲಿ ಅಭಿನಯ: ಐದಕ್ಕೆ ಅಂಗೈ ಬಿಡಿಸುವುದು, ಮೀನಿಗೆ ಎರಡು ಕೈ ಜೋಡಿಸಿ ಬಳುಕಿಸುವುದು, ಉಂಡದ್ದಕ್ಕೆ ಹೊಟ್ಟೆ ಸವರುವುದು, ಬುಟ್ಟಿಗೆ ತಲೆಯ ಮೇಲೆ ಕೈ. ನಾಲ್ಕನೇ ಸುತ್ತಿನಲ್ಲಿ ‘ಹನ್ನೆರಡೂ…’ ಎಂದು ಹೇಳಿ ನೀವು ನಿಲ್ಲಿಸಿಬಿಡಿ. ‘ಬುಟ್ಟಿ!’ ಎಂದು ಅವರು ಕೂಗುತ್ತಾರೆ. ಕೂಗದಿದ್ದರೆ ಇನ್ನೊಂದು ಸುತ್ತು ಬೇಕು ಅಂತ ಅರ್ಥ.

ಸಿನಿಮಾ ಹಾಡಿನ ಧಾಟಿಗೆ ಬೈಬಲ್ ಮಾತು ಕೂರಿಸುವ ಆಸೆ ಬಿಡಿ. ತರಗತಿಯಲ್ಲಿ ಭರ್ಜರಿಯಾಗಿಯೇ ಹಾಡುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಬಾಯಲ್ಲಿ ಸಿನಿಮಾದ ಸಾಲೇ ಇರುತ್ತದೆ. ಇನ್ನೊಂದು ತೊಡಕು ಮೊಬೈಲ್ ಮತ್ತು ಬ್ಲೂಟೂತ್ ಸ್ಪೀಕರ್. ಟ್ರ್ಯಾಕ್ ಶುರುವಾದ ಕೂಡಲೇ ಮಕ್ಕಳು ಸುಮ್ನೆ ಆಗಿ ಸ್ಪೀಕರ್ ನೋಡುತ್ತ ನಿಲ್ಲುತ್ತಾರೆ, ಟ್ರ್ಯಾಕಿನ ವೇಗವೂ ಅವರ ನಾಲಿಗೆಗೆ ಮೀರಿದ್ದು. ಹಾಡು ಬಾಯಿಪಾಠ ಆದ ಮೇಲೆ ಬೇಕಾದರೆ ಹಾಕಿ. ಅಲ್ಲಿಯ ತನಕ ನಿಮ್ಮ ಗಂಟಲು, ಚಪ್ಪಾಳೆ, ಒಂದು ಕಂಜೀರ. ಯೇಸು ಕತ್ತೆಯ ಮೇಲೆ ಊರೊಳಗೆ ಬರುವ ಗರಿಗಳ ಭಾನುವಾರದ ಕಥೆಗೆ ಎರಡು ಖಾಲಿ ತೆಂಗಿನ ಚಿಪ್ಪು ತಂದು ಬಡಿಯಿರಿ, ಕತ್ತೆ ಟಕ್‌ಟಕ್ ಎಂದು ಬಂದೇಬಿಡುತ್ತದೆ.

ಹಂತ 5: ತರಗತಿಯ 45 ನಿಮಿಷ ಹೀಗೆ ಹಂಚಿ

ಮೊದಲ 5 ನಿಮಿಷ ಮಕ್ಕಳಿಗೆ ಆಗಲೇ ಗೊತ್ತಿರುವ, ಕೈಕಾಲು ಆಡಿಸುವ ಹಾಡು. ಆರಾಧನೆಯಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತು ಬಂದವರು ಅವರು, ಮೊದಲು ಮೈ ಸಡಿಲವಾಗಬೇಕು. ಆಮೇಲೆ 8 ನಿಮಿಷ ಕಥೆ, 7 ನಿಮಿಷ ಹೊಸ ಹಾಡು, 15 ನಿಮಿಷ ಕೈಕೆಲಸ, 5 ನಿಮಿಷ ಮಕ್ಕಳು ಕಥೆ ಹೇಳುವುದು. ಕೊನೆಯ 5 ನಿಮಿಷ ಕೈ ಒರೆಸಿ, ಸಾಮಾನು ಎತ್ತಿಟ್ಟು, ಪ್ರಾರ್ಥನೆ.

ಈ ಸರದಿ ತಲೆಕೆಳಗಾದರೆ ಪಾಠವೂ ತಲೆಕೆಳಗು. ಕೈಕೆಲಸ ಮೊದಲು ಕೊಟ್ಟರೆ ಕಥೆಯ ಹೊತ್ತಿನಲ್ಲಿ ಎಲ್ಲರ ಕಣ್ಣೂ ಕೈಯಲ್ಲಿರುವ ರೊಟ್ಟಿಯ ಮೇಲೆ. ಹೊಸ ಹಾಡನ್ನು ಕಥೆಗಿಂತ ಮುಂಚೆ ಕಲಿಸಿದರೆ ಯಾವ ಬುಟ್ಟಿ, ಯಾಕೆ ಬುಟ್ಟಿ ಎಂದು ಅವರಿಗೆ ಗೊತ್ತಿರುವುದಿಲ್ಲ, ಗಿಳಿಪಾಠ ಆಗುತ್ತದೆ. ನೀವು ಮಾಡಿದ ಮಾದರಿಯನ್ನೂ ಕಥೆ ಮುಗಿಯುವ ತನಕ ನಿಮ್ಮ ಬ್ಯಾಗಿನಿಂದ ತೆಗೆಯಬೇಡಿ.

ಕಥೆ ಹೇಳುವಾಗ ಪುಸ್ತಕದ ಭಾಷೆ ಬೇಡ, ಮನೆಯ ಮಾತು ಸಾಕು. ಮಂಗಳೂರಿನ ಕಡೆ ಮನೆಯಲ್ಲಿ ತುಳು, ಕೊಂಕಣಿ ಆಡುವ ಮಕ್ಕಳು, ಬೆಂಗಳೂರಿನಲ್ಲಿ ತಮಿಳು, ತೆಲುಗು ಮಾತಾಡಿ ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು ಒಂದೇ ಚಾಪೆಯ ಮೇಲೆ ಕೂತಿರುತ್ತಾರೆ. ಸಾಲು ಚಿಕ್ಕದಿರಲಿ, ಕೈ ಮಾತಾಡಲಿ. ‘ದಾವೀದ, ನಿಮ್ಮ ಇಂಗ್ಲಿಷ್ ಪುಸ್ತಕದಲ್ಲಿರೋ ಡೇವಿಡ್’ ಎಂದು ಒಂದು ಸಲ ಹೇಳಿ ಮುಂದೆ ಹೋಗಿ.

ನಡುನಡುವೆ ಮಕ್ಕಳಿಗೆ ಒಂದು ಕೆಲಸ ಕೊಡಿ. ‘ಹೊಟ್ಟೆ ಹಸೀತಿದೆ ಅಂತ ಎಲ್ಲರೂ ಹೇಗೆ ಅಂದ್ರು?’ ಎಂದು ಕೇಳಿದರೆ ಹನ್ನೆರಡು ಮಕ್ಕಳು ಹೊಟ್ಟೆ ಹಿಡಿದುಕೊಂಡು ನರಳುತ್ತಾರೆ. ಹಸಿರು ಬೆಡ್‌ಶೀಟಿನ ಮೇಲೆ ಅವರೇ ಜನ ತಾನೇ. ನಿಜವಾದ ಚಪಾತಿಯನ್ನು ಚೂರು ಮಾಡಿ ಹಂಚುವುದಾದರೆ, ಯಾರಿಗಾದರೂ ಗೋದಿ ಆಗುವುದಿಲ್ಲವಾ ಎಂದು ಅಮ್ಮಂದಿರನ್ನು ಮೊದಲೇ ಕೇಳಿ.

ಯಾರಾದರೂ ಒಂದು ಮಗು ಕೇಳಿಯೇ ಕೇಳುತ್ತದೆ: ‘ಟೀಚರ್, ನಮ್ಮನೇಲಿ ಯಾಕೆ ರೊಟ್ಟಿ ಜಾಸ್ತಿ ಆಗಲ್ಲ?’ ನಕ್ಕು ತಳ್ಳಿಹಾಕಬೇಡಿ. ‘ನಂಬಿಕೆ ಇದ್ದರೆ ಆಗುತ್ತೆ’ ಎಂದಂತೂ ಹೇಳಲೇಬೇಡಿ. ಮನೆಯಲ್ಲಿ ನಿಜವಾಗಿ ಊಟಕ್ಕೆ ತೊಂದರೆ ಇರುವ ಮಗು ಅದನ್ನು ತನ್ನ ತಪ್ಪು ಎಂದುಕೊಳ್ಳುತ್ತದೆ. ‘ಒಳ್ಳೇ ಪ್ರಶ್ನೆ ಪುಟ್ಟಾ. ಅವತ್ತು ಜನರಿಗೆ ಹಸಿವಾಗಿದ್ದು ಯೇಸು ಸ್ವಾಮಿಗೆ ಗೊತ್ತಾಯ್ತು. ನಿನಗೆ ಹಸಿವಾದ್ರೆ ನನಗೆ ಹೇಳು’ ಅನ್ನಿ. ತರಗತಿ ಮುಗಿದ ಮೇಲೆ ಆ ಮನೆಯ ಸಮಾಚಾರ ವಿಚಾರಿಸಿ.

ಹಂತ 6: ಕೈಕೆಲಸದ ಹೊತ್ತಿನಲ್ಲಿ ನಿಮ್ಮ ಕೈ ಕಟ್ಟಿಕೊಳ್ಳಿ

ಕವರ್ ಹಂಚುವ ಮೊದಲು ಮಾದರಿ ತೋರಿಸಿ, ಅದರಿಂದ ಒಮ್ಮೆ ಕಥೆ ಹೇಳಿ, ಮತ್ತೆ ಒಳಗಿಡಿ. ಎದುರಿಗೆ ಇಟ್ಟರೆ ಮಕ್ಕಳು ಅದನ್ನೇ ನೋಡಿ ‘ನಂದು ಚೆನ್ನಾಗಿಲ್ಲ’ ಎಂದು ಕೈಬಿಡುತ್ತಾರೆ.

ಒಂದು ಸಲಕ್ಕೆ ಒಂದೇ ಹೆಜ್ಜೆ ಹೇಳಿ. ‘ರೊಟ್ಟಿ ತೆಗೀರಿ. ಎಣಿಸಿ. ಚೀಲಕ್ಕೆ ಹಾಕಿ.’ ಮೂರು ಹೆಜ್ಜೆ ಒಟ್ಟಿಗೆ ಹೇಳಿದರೆ ಕೊನೆಯದು ಮಾತ್ರ ನೆನಪಿರುತ್ತದೆ. ಅಂಟು, ಬಣ್ಣ ಇಬ್ಬರಿಗೆ ಒಂದರಂತೆ ಕೊಡಿ. ಒಂದೇ ಕೊಟ್ಟರೆ ಜಗಳ, ಎಲ್ಲರಿಗೂ ಕೊಟ್ಟರೆ ನೆಲವೆಲ್ಲ ಬಣ್ಣ.

ಮೀನಿಗೆ ಹಸಿರು ಬಣ್ಣ ಬಂದರೆ ಬರಲಿ. ರೊಟ್ಟಿ ಚೀಲದ ಹೊರಗೆ ಅಂಟಿದರೆ ಅಂಟಲಿ. ಟೀಚರ್ ಸರಿಮಾಡಲು ಹೊರಟರೆ ಅದು ಟೀಚರಿನ ಕೈಕೆಲಸ, ಮಗುವಿಗೆ ಅದರ ಮೇಲೆ ಹಕ್ಕಿಲ್ಲ. ನಿಜ ಹೇಳಬೇಕೆಂದರೆ ಇಲ್ಲಿ ಒತ್ತಡ ಮಕ್ಕಳದ್ದಲ್ಲ, ವಾಟ್ಸಾಪ್ ಗುಂಪಿನಲ್ಲಿ ಬರುವ ಫೋಟೋದ್ದು. ಎಲ್ಲ ಚೀಲಗಳೂ ಒಂದೇ ಅಚ್ಚಿನಿಂದ ಬಂದ ಹಾಗೆ ಕಂಡರೆ ತರಗತಿಯಲ್ಲಿ ಏನೋ ತಪ್ಪಾಗಿದೆ. ಫೋಟೋ ಹಾಕುವುದಾದರೆ ಮಗುವಿನ ಮುಖ ಬೇಡ, ಕೈಕೆಲಸದ್ದು ಹಾಕಿ. ಮುಖ ಬರುವುದಾದರೆ ತಂದೆತಾಯಿಯನ್ನು ಕೇಳಿ.

ಅವರು ಅಂಟಿಸುತ್ತಿರುವಾಗ ನೀವು ಮೆಲ್ಲಗೆ ಹಾಡು ಗುನುಗುತ್ತಿರಿ. ಯಾರೂ ಹೇಳದೆಯೇ ಇಬ್ಬರು ಮೂವರು ಜೊತೆಗೂಡುತ್ತಾರೆ. ಬೇಗ ಮುಗಿಸಿದವರಿಗೆ ಕಂದು ಕಾಗದದ ಚೂರು ಕೊಟ್ಟು ‘ಇನ್ನಷ್ಟು ರೊಟ್ಟಿ ಹರಿ’ ಅನ್ನಿ. ಕೈಯಲ್ಲಿ ಹರಿಯುವುದು ಬೆರಳಿಗೆ ಒಳ್ಳೆಯ ಕೆಲಸ, ಬೇರೆ ಸಾಮಾನೂ ಬೇಡ.

ಹಂತ 7: ಈಗ ಕಥೆ ಅವರದ್ದು

ಹೆಚ್ಚಿನವರು ಸಮಯ ಸಾಲದೆ ಬಿಟ್ಟುಬಿಡುವ ಹಂತ ಇದು. ಬೇಕಾದರೆ ಕೈಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ, ಇದನ್ನು ಬಿಡಬೇಡಿ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ‘ನೀನು ಅವನಿಗೆ ಹೇಳು, ಆಮೇಲೆ ಅವನು ನಿನಗೆ ಹೇಳ್ತಾನೆ’ ಅನ್ನಿ. ಎಲ್ಲರ ಮುಂದೆ ನಿಲ್ಲಿಸಿದರೆ ಮಾತಾಡುವವರು ಅದೇ ಇಬ್ಬರು, ಉಳಿದವರು ಅಮ್ಮನ ಸೆರಗು ಹುಡುಕುತ್ತಾರೆ.

ತಪ್ಪು ಹೇಳಿದರೆ ತಡೆಯಬೇಡಿ. ‘ಹತ್ತು ರೊಟ್ಟಿ’ ಎಂದರೆ ‘ಚೀಲದಲ್ಲಿ ಎಣಿಸಿ ನೋಡೋಣ್ವಾ?’ ಅನ್ನಿ. ಚೀಲವೇ ತಿದ್ದುತ್ತದೆ. ಬಾಗಿಲಲ್ಲಿ ಕರೆದೊಯ್ಯಲು ಬಂದವರಿಗೂ ಒಂದು ಮಾತು ಹೇಳಿಬಿಡಿ: ‘ಏನು ಕಲಿತೆ ಅಂತ ಕೇಳಬೇಡಿ. ಚೀಲದಲ್ಲಿ ಏನಿದೆ ಅಂತ ಕೇಳಿ.’ ಮನೆಯಲ್ಲಿ ಕಥೆ ತಾನಾಗಿ ಹೊರಗೆ ಬರುತ್ತದೆ.

ಈ ಚಿಹ್ನೆ ಕಂಡರೆ ಅಲ್ಲೇ ನಿಲ್ಲಿಸಿ

ಅರ್ಧಕ್ಕರ್ಧ ಮಕ್ಕಳು ಎದ್ದು ಓಡಾಡುತ್ತಿದ್ದಾರೆ. ಕಥೆ ಉದ್ದವಾಗಿದೆ. ಗದರಿಸುವ ಬದಲು ಎಲ್ಲರನ್ನೂ ಎಬ್ಬಿಸಿ ಹಾಡಿನ ಅಭಿನಯ ಎರಡು ಸಲ ಮಾಡಿಸಿ, ಆಮೇಲೆ ಕಥೆಯ ಕೊನೆಗೆ ಹಾರಿ. ನಡುವಿನದ್ದು ಹೋದರೆ ಹೋಗಲಿ.

ಹಾಡುವಾಗ ತುಟಿ ಅಲುಗುತ್ತಿಲ್ಲ, ಕೈ ಮಾತ್ರ ಆಡುತ್ತಿದೆ. ಮಾತು ಕಷ್ಟ, ಇಲ್ಲವೇ ಶ್ರುತಿ ತಗ್ಗು. ರಾಗ ಬಿಟ್ಟು ಮತ್ತೆ ಚಪ್ಪಾಳೆಗೆ ಬನ್ನಿ.

ಮಗು ಹೆದರಿದೆ. ನೋಹನ ಕಥೆ ಆದ ಮೇಲೆ ಮಳೆ ಬಂದರೆ ಅಳುವ ಮಕ್ಕಳಿದ್ದಾರೆ. ಆ ಕಥೆಯನ್ನು ನಾವೆಯ ಒಳಗಿನಿಂದ ಹೇಳಿ: ಪ್ರಾಣಿಗಳ ಸದ್ದು, ಕಾಗೆ, ಪಾರಿವಾಳ, ಕೊನೆಗೆ ಮಳೆಬಿಲ್ಲು. ಉಳಿದವರು ಏನಾದರು ಎಂದು ಮಗುವೇ ಕೇಳಿದರೆ ಸುಳ್ಳು ಹೇಳಬೇಡಿ. ‘ಅವರು ಸತ್ತುಹೋದರು. ದೇವರು ಮತ್ತೆ ಹಾಗೆ ಪ್ರಳಯ ತರೋದಿಲ್ಲ ಅಂತ ಮಾತು ಕೊಟ್ಟರು, ಅದಕ್ಕೇ ಮಳೆಬಿಲ್ಲು’ ಎಂದು ಚಿಕ್ಕದಾಗಿ ಹೇಳಿ ಮುಗಿಸಿ. ನರಕ, ಬೆಂಕಿ, ಶಿಕ್ಷೆ ತೋರಿಸಿ ಸುಮ್ಮನಿರಿಸುವುದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಕಥೆ ಆಟಕ್ಕೆ ಹೋಗಿ ಏಟಾಗುತ್ತಿದೆ. ದಾವೀದನ ಕಥೆಯ ದಿನ ಇದು ಗ್ಯಾರಂಟಿ. ಕವಣೆ ಮಾಡಿಸಲೇಬೇಡಿ. ಗೋಡೆಯ ಮೇಲೆ ಆರೂವರೆ ಮೊಳ, ಅಂದರೆ ಸುಮಾರು ಒಂಬತ್ತೂವರೆ ಅಡಿ ಎತ್ತರಕ್ಕೆ ಕಾಗದದ ಪಟ್ಟಿ ಅಂಟಿಸಿ, ಪಕ್ಕದಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಅವರ ಎತ್ತರ ಗುರುತು ಮಾಡಿ. ಗೊಲ್ಯಾತ ಎಷ್ಟು ದೊಡ್ಡವನು ಎಂದು ಕತ್ತೆತ್ತಿ ನೋಡಿದರೆ ಸಾಕು. ತೊರೆಯಿಂದ ಆರಿಸಿದ ಐದು ಕಲ್ಲಿಗೆ ಕಾಗದದ ಉಂಡೆ ಮಾಡಲಿ.

ಒಬ್ಬರೇ ದೊಡ್ಡವರು ಉಳಿದಿದ್ದಾರೆ. ಇನ್ನೊಬ್ಬರು ಚಹಾಕ್ಕೋ ಫೋನಿಗೋ ಹೋಗಿದ್ದರೆ ಕೂಡಲೇ ಕರೆಸಿ. ಪುಟಾಣಿಗಳ ಕೋಣೆಯಲ್ಲಿ ಯಾವಾಗಲೂ ಇಬ್ಬರು ಇರಬೇಕು, ಬಾಗಿಲು ತೆರೆದಿರಬೇಕು. ಗೊತ್ತಿರುವವರ ಕೈಗೆ ಮಾತ್ರ ಮಗುವನ್ನು ಒಪ್ಪಿಸಬೇಕು. ವಿ.ಬಿ.ಎಸ್.ಗೆ ಬೇರೆ ಧರ್ಮದ ಮನೆಗಳಿಂದ ಮಕ್ಕಳು ಬಂದರೆ, ಇಲ್ಲಿ ಬೈಬಲ್ ಕಥೆ, ಪ್ರಾರ್ಥನೆ ಇರುತ್ತದೆ ಎಂದು ಅಪ್ಪ ಅಮ್ಮನಿಗೆ ಮೊದಲೇ ಹೇಳಿ, ಅವರು ಒಪ್ಪಿದರೆ ಮಾತ್ರ ಸೇರಿಸಿಕೊಳ್ಳಿ.

ಮುಂದಿನ ಭಾನುವಾರ ಏನು?

ಹೊಸ ಕಥೆಗೆ ಹಾರುವ ಮೊದಲು ಹಳೆ ಹಾಡಿನ ಮೊದಲ ಸಾಲು ಹಾಡಿ ನಿಲ್ಲಿಸಿ. ಅರ್ಧದಷ್ಟು ಮಕ್ಕಳು ಮುಂದುವರಿಸಿದರೆ ಪಾಸ್. ಮಿಕ ಮಿಕ ನೋಡಿದರೆ ಅದೇ ಕಥೆಯನ್ನು ಇನ್ನೊಂದು ವಾರ ಮಾಡಿ. ದೊಡ್ಡವರಿಗೆ ಬೇಜಾರು ಬರಬಹುದು, ನಾಲ್ಕು ವರ್ಷದವರಿಗೆ ಬರುವುದಿಲ್ಲ. ಅದೇ ಹಾಡು, ಅದೇ ವಾಕ್ಯ ಇರಲಿ, ಕೈಕೆಲಸ ಮಾತ್ರ ಬದಲಾಗಲಿ. ವರ್ಷಕ್ಕೆ ಐವತ್ತು ಕಥೆ ಮುಗಿಸುವ ಹಟ ಈ ವಯಸ್ಸಿಗೆ ಬೇಡ.

ಪಾಸ್ ಆಗಿದ್ದರೆ ಲೂಕ 19ರ ಜಕ್ಕಾಯನಿಗೆ ಹೋಗಿ, ಈ ವಿಧಾನಕ್ಕೆ ಅದಕ್ಕಿಂತ ಸುಲಭದ ಕಥೆ ಇಲ್ಲ. ವಾಕ್ಯ: ‘ಮರ ಹತ್ತಿದ ಜಕ್ಕಾಯನ ಮನೆಗೆ ಯೇಸು ಸ್ವಾಮಿ ಹೋದರು.’ ಯೇಸುವನ್ನು ನೋಡಲು ಮರ ಹತ್ತಿದ ಈ ಜಕ್ಕಾಯ ಸುಂಕದವನು. ಸುಂಕದವನು ಅಂದರೆ ಯಾರು ಎಂದು ಮಕ್ಕಳು ಕೇಳಿದರೆ, ‘ಜನರ ಹತ್ತಿರ ಕೊಡಬೇಕಾದ್ದಕ್ಕಿಂತ ಜಾಸ್ತಿ ದುಡ್ಡು ಕಿತ್ಕೊಳ್ತಿದ್ದ’ ಅನ್ನಿ. ರಟ್ಟಿನಲ್ಲಿ ಮರ ಕತ್ತರಿಸಿ. ಆ ಮರ ನಮ್ಮ ಅತ್ತಿಯ ಜಾತಿಯದ್ದು, ಆದ್ದರಿಂದ ತೆಂಗಿನ ಹಾಗೆ ನೆಟ್ಟಗೆ ಬೇಡ, ಅಗಲ ಕೊಂಬೆಗಳಿರಲಿ. ಕಾಂಡದ ನಡುವೆ ಉದ್ದಕ್ಕೆ ಒಂದು ಸೀಳು ಕೊಯ್ದು, ಐಸ್‌ಕ್ರೀಂ ಕಡ್ಡಿಗೆ ಅಂಟಿಸಿದ ಕಾಗದದ ಜಕ್ಕಾಯನನ್ನು ಅದರಲ್ಲಿ ತೂರಿಸಿ. ‘ಹತ್ತು ಹತ್ತು ಜಕ್ಕಾಯ’ ಎನ್ನುವಾಗ ರಾಗ ಮೇಲೆ, ಕಡ್ಡಿ ಮೇಲೆ. ‘ಇಳಿ ಇಳಿ ಜಕ್ಕಾಯ’ ಎನ್ನುವಾಗ ಎರಡೂ ಕೆಳಗೆ. ಸೀಳನ್ನು ಮಾತ್ರ ಶನಿವಾರ ರಾತ್ರಿಯೇ ನೀವು ಬ್ಲೇಡಿನಲ್ಲಿ ಕೊಯ್ದಿಡಿ, ಕಡ್ಡಿ ಸಲೀಸಾಗಿ ಮೇಲೆ ಕೆಳಗೆ ಹೋಗುತ್ತದಾ ಎಂದು ಪ್ರತಿಯೊಂದು ಮರದಲ್ಲೂ ಒಮ್ಮೆ ಆಡಿಸಿ ನೋಡಿ.